ಚೋಟುದ್ದದ ಇಂಗ್ಲಿಷ್ ಪದಗಳು ಮತ್ತು ನನ್ನದೊಂದು ಬುರುಡೆ

ಆರ್ಡರ್ ಕಾಪಿ ಹಿಡಿದುಕೊಂಡು ಹೊಸದಾಗಿ ಇಂಗ್ಲಿಷ್ ಕಲಿಸಲು ಬರುತ್ತಿರುವ ಹುಡುಗ ಹುಡುಗಿಯರೇ, ಮೊದಲೇ ಹೇಳಿಬಿಡುತ್ತೇನೆ. ತರಗತಿಯಲ್ಲಿ ನಿಮಗೆ ಬೆವರಿಳಿಸುವುದು ಉದ್ದುದ್ದ ಪದಗಳಲ್ಲ. ಅವಕ್ಕೆ ಸಾಮಾನ್ಯವಾಗಿ ಒಂದೇ ಅರ್ಥ, ಅದೂ ಗೈಡಿನಲ್ಲಿ ಸಿಕ್ಕಿಬಿಡುತ್ತದೆ. ಬೆವರಿಳಿಸುವುದು ಸೆಟ್, ರನ್, ಗೆಟ್, ಲೈನ್ ಎಂಬ ಚೋಟುದ್ದದ ಪದಗಳು. ಮೂರಕ್ಷರ, ನಾಲ್ಕಕ್ಷರ, ಅಷ್ಟೇ. ಆದರೆ ಒಂದೊಂದರ ಹೊಟ್ಟೆಯೊಳಗೆ ಏನೇನಿದೆ ಎಂದು ನೋಡಹೊರಟರೆ ಮಧ್ಯಾಹ್ನದ ಊಟ ಮರೆತುಹೋಗುತ್ತದೆ. ನನಗೆ ಎಷ್ಟೋ ಸಲ ಮರೆತುಹೋಗಿದೆ!

ನಾನು ಗುಂಡ್ಲುಪೇಟೆಯಿಂದ ಬಂಡೀಪುರಕ್ಕೆ ಹೋಗುವ ರಸ್ತೆಯ ಬದಿಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ತೊಂಬತ್ತರ ದಶಕವಿಡೀ ಇಂಗ್ಲಿಷ್ ಕಲಿಸಿದವನು. ಬಡ್ತಿ, ವರ್ಗಾವಣೆಗಳ ಕತೆ ಸರ್ವಿಸ್ ರಿಜಿಸ್ಟರಿನಲ್ಲಿದೆ, ಅದನ್ನು ಓದಿ ನಿಮಗೆ ಏನೂ ಆಗಬೇಕಾದ್ದಿಲ್ಲ. ನಾನು ಹೇಳಹೊರಟಿರುವುದು ಆ ಚೋಟುದ್ದದ ಪದಗಳ ಹಿಂದೆ ಬಿದ್ದ ಕತೆ, ಜೊತೆಗೆ ನಾನು ಮಾಡಿದ ಒಂದು ಎಡವಟ್ಟಿನ ಕತೆ.

ಕೆಲಸಕ್ಕೆ ಸೇರಿದ ದಿನವೇ ಹೆಡ್ ಮೇಷ್ಟ್ರು ನನ್ನನ್ನು ರೂಮಿಗೆ ಕರೆದು ಕೂರಿಸಿಕೊಂಡರು. ಒಳ್ಳೆಯ ಮನುಷ್ಯ, ಆದರೆ ಶಿಸ್ತೆಂದರೆ ಶಿಸ್ತು. "ನೋಡ್ರೀ, ಕ್ಲಾಸಲ್ಲಿ ಏನ್ ಬೇಕಾದ್ರೂ ಹೇಳಿ, ಗೊತ್ತಿಲ್ಲ ಅಂತ ಮಾತ್ರ ಹೇಳ್ಬೇಡಿ. ಒಂದ್ಸಲ ಅಂದ್ರಿ ಅಂದ್ರೆ ಮುಗೀತು, ಐಕಳು ತಲೆ ಮೇಲೆ ಹತ್ತಿ ಕೂರ್ತವೆ" ಎಂದರು. ಐಕಳು ಎಂದರೆ ನಮ್ಮ ಕಡೆ ಮಕ್ಕಳು. ನಾನು ತಲೆಯಾಡಿಸಿದೆ. ನಮ್ಮ ಕಾಲದ ಮೇಷ್ಟ್ರುಗಳೆಲ್ಲ ಹಾಗೇ ಇದ್ದೆವು. ಕುರ್ಚಿಯಲ್ಲಿ ಕೂತ ಮೇಲೆ ಎಲ್ಲವೂ ಗೊತ್ತಿರಲೇಬೇಕು, ಗೊತ್ತಿಲ್ಲದಿದ್ದರೂ ಗೊತ್ತಿರುವವರ ಮುಖ ಇರಬೇಕು.

ಆಗ ನಮ್ಮ ಪದ್ಧತಿ ಏನಿತ್ತೆಂದರೆ, ಬೋರ್ಡಿನ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ ಅರ್ಥ, ನಡುವೆ ಒಂದು ಸಮ ಚಿಹ್ನೆ. ಮಕ್ಕಳು ಹತ್ತು ಸಲ ಕೂಗಬೇಕು, ಮನೆಯಲ್ಲಿ ಇಪ್ಪತ್ತು ಸಲ ಬರೆಯಬೇಕು. ನಾನೂ ಒಂದು ವರ್ಷ ಹಾಗೇ ಮಾಡಿದೆ. ಎರಡನೇ ವರ್ಷ ಒಂಬತ್ತನೇ ಕ್ಲಾಸಿನಲ್ಲಿ 'ಸೆಟ್' ಎಂದು ಬರೆದು, ಎದುರಿಗೆ 'ಇಡು' ಎಂದು ಬರೆಯುತ್ತಿದ್ದೆ. ಹಿಂದಿನ ಬೆಂಚಿನ ಮಹದೇವ ಎದ್ದು ನಿಂತ.

"ಸಾ, ನಮ್ಮ ಹೊಲದ್ ಪಂಪ್‌ಸೆಟ್ಟು, ಹೋಟ್ಲಲ್ಲಿ ಸೆಟ್ ದೋಸೆ, ನಮ್ಮಕ್ಕನ ಮದ್ವೇಲಿ ಓಲೆ ಸೆಟ್ಟು. ಇದ್ರಲ್ಲೆಲ್ಲಾ ಇಡೋದು ಎಲ್ ಬಂತು ಸಾ?"

ಕ್ಲಾಸೆಲ್ಲ ನಕ್ಕಿತು. ನಾನು "ಕೂತ್ಕೊಳ್ಳಲಾ, ನಾಳೆ ಹೇಳ್ತೀನಿ" ಎಂದೆ. ಸಂಜೆ ನೇರ ಗುಂಡ್ಲುಪೇಟೆಯ ಲೈಬ್ರರಿಗೆ ಹೋದೆ. ಅಲ್ಲಿ ಬೀರುವಿನ ಕೆಳಗಿನ ಖಾನೆಯಲ್ಲಿ ಪದಗಳ ಮೂಲವನ್ನೂ ಕೊಡುವ ದಪ್ಪದ ಒಂದು ಡಿಕ್ಷನರಿ ಇತ್ತು. ಹೊರಗೆ ಕೊಡುವಂತಿರಲಿಲ್ಲ. ಅದರಲ್ಲಿ ಸೆಟ್ ತೆಗೆದರೆ, ಒಂದು ಪುಟ ಮುಗಿಯಿತು, ಮುಂದಿನ ಪುಟದಲ್ಲೂ ಸೆಟ್ಟೇ! ಸೂರ್ಯ ಮುಳುಗುವುದೂ ಸೆಟ್, ಮೊಸರು ಹೆಪ್ಪುಗಟ್ಟುವುದೂ ಸೆಟ್, ಮುರಿದ ಮೂಳೆ ಕೂರಿಸುವುದೂ ಸೆಟ್. ಅದಕ್ಕಿಂತ ಹೆಚ್ಚಿನ ಸೋಜಿಗವೆಂದರೆ ಅದು ಒಂದು ಪದವೇ ಅಲ್ಲ, ಎರಡು. ಇಡುವ ಸೆಟ್ಟು ಇಂಗ್ಲಿಷರ ಹಳೆಯ ಮನೆಮಾತು. ದೋಸೆಯ ಸೆಟ್ಟು, ಓಲೆಯ ಸೆಟ್ಟು, ಅಂದರೆ ಗುಂಪು ಎನ್ನುವ ಸೆಟ್ಟು, ಲ್ಯಾಟಿನ್ನಿನಿಂದ ಹೊರಟು ಫ್ರೆಂಚರ ಬಾಯಿ ದಾಟಿ ಬಂದದ್ದು. ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಅಂಗಿ ತೊಟ್ಟಿವೆ. ಮಹದೇವ ಕೇಳಿದ್ದು ಸರಿಯಾಗಿಯೇ ಇತ್ತು! ಆ ಖುಷಿಯಲ್ಲಿ ನನಗೆ ಊರಿನ ಬಸ್ಸು ತಪ್ಪಿತು, ಲೈಬ್ರರಿಯವರು ಬಾಗಿಲು ಹಾಕುತ್ತೇವೆಂದು ಎಬ್ಬಿಸಬೇಕಾಯಿತು.

ಮಾರನೇ ದಿನ ಬೋರ್ಡಿನ ಸಮ ಚಿಹ್ನೆ ಅಳಿಸಿದೆ. ಹಳೆಯ ಮದುವೆ ಲಗ್ನಪತ್ರಿಕೆಗಳನ್ನು ಮನೆಯಿಂದ ತರಲು ಹೇಳಿ, ಅವುಗಳ ಬರಿಯ ಬೆನ್ನನ್ನು ಕತ್ತರಿಸಿ ಕಾರ್ಡು ಮಾಡಿದೆವು. ಒಂದು ಕಾರ್ಡಿಗೆ ಒಂದು ಚಿಕ್ಕ ಪದ. ಆ ಪದ ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಯಾವ ಯಾವ ಅರ್ಥದಲ್ಲಿ ಕಿವಿಗೆ ಬೀಳುತ್ತದೋ ಅದನ್ನು ಮಕ್ಕಳು ಬರೆಯಬೇಕು. ಹುಡುಕಿದವರ ಹೆಸರು ಕಾರ್ಡಿನ ಕೆಳಗೆ. ಮೂಲ ಹುಡುಕಿ ತರುವ ಕೆಲಸ ನನ್ನದು, ಅದಕ್ಕೆ ಕೆಳಗೆ ನನ್ನ ಹೆಸರು. ಮಕ್ಕಳಿಗೆ ತಮ್ಮ ಹೆಸರು ಕಾರ್ಡಿನಲ್ಲಿ ಬರುವುದೆಂದರೆ ಅಂಥಿಂಥ ಹುಚ್ಚಲ್ಲ. ಎಸ್ಟೇಟಿಗೆ ಕೂಲಿಗೆ ಹೋಗಿ ಬಂದ ಅತ್ತೆಯನ್ನು ಕೇಳಿ ಒಬ್ಬಳು ಕೂಲಿಯವರ ಸಾಲು ಮನೆಗಳ 'ಲೈನ್ ಮನೆ' ತಂದಳು, ಇನ್ನೊಬ್ಬ ಕಂಬ ಹತ್ತುವ ಲೈನ್‌ಮ್ಯಾನ್ ತಂದ. ನಾನು ಲೈಬ್ರರಿಯಿಂದ ಲೈನಿನ ಮೂಲ ತಂದೆ: ಅಗಸೆ ನಾರಿನ ದಾರ! ಮಳೆಗಾಲದಲ್ಲಿ ನಮ್ಮ ಊರಿಗೆ ಕರೆಂಟು ಹೋಗುವುದಕ್ಕೂ ಅಗಸೆ ಗಿಡಕ್ಕೂ ನೆಂಟಸ್ತಿಕೆ ಇದೆಯೆಂದು ಹೇಳಿದಾಗ ಮಕ್ಕಳ ಕಣ್ಣು ನೋಡಬೇಕಿತ್ತು.

ಒಂದು ದಿನ ವಿಷಯ ಪರಿವೀಕ್ಷಕರು ಬಂದರು. ಕಾರ್ಡುಗಳ ರಾಶಿ ನೋಡಿದ್ದೇ ಹುಬ್ಬು ಗಂಟಿಕ್ಕಿದರು. "ಸಿಲಬಸ್ ಬಿಟ್ಟು ಇದೇನ್ರೀ ಇಸ್ಪೀಟು?" ಎಂದರು. ಅವರ ಕಂಕುಳಲ್ಲಿ ದಾರ ಕಟ್ಟಿದ ಫೈಲು ಇತ್ತು. ಮುಂದಿನ ಬೆಂಚಿನ ಹುಡುಗನೊಬ್ಬ ಕೈಯೆತ್ತಿ, "ಸಾ, ಫೈಲು ಅಂದ್ರೇನೆ ದಾರ ಸಾ. ಮೊದ್ಲು ಕಾಗ್ದಾನೆಲ್ಲಾ ದಾರಕ್ಕೆ ಪೋಣಿಸ್ತಿದ್ರಂತೆ" ಎಂದುಬಿಟ್ಟ. ಪಕ್ಕದಲ್ಲೇ ಇದ್ದ ಕುಲುಮೆ ಆಚಾರರ ಮಗ ಸುಮ್ಮನಿರುತ್ತಾನೆಯೇ? "ನಮ್ಮಪ್ಪ ಕುಡ್ಲು ಉಜ್ಜೋ ಅರಕ್ಕೂ ಫೈಲ್ ಅಂತಾರೆ ಸಾ. ಆದ್ರೆ ಅದು ಬೇರೆ, ದಾರಕ್ಕೂ ಅದ್ಕೂ ಸಂಬಂದ ಇಲ್ಲ" ಎಂದ. ಪರಿವೀಕ್ಷಕರು ತಮ್ಮ ಫೈಲನ್ನು ಕೈಗೆ ತೆಗೆದುಕೊಂಡು ಒಂದು ಗಳಿಗೆ ದಾರವನ್ನೇ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತವರು ಊಟದ ಗಂಟೆ ಹೊಡೆಯುವವರೆಗೆ ಏಳಲಿಲ್ಲ. ಭೇಟಿ ಪುಸ್ತಕದಲ್ಲಿ ಮಾತ್ರ 'ಪಠ್ಯದ ಕಡೆ ಹೆಚ್ಚಿನ ಗಮನ ಅಗತ್ಯ' ಎಂದು ಬರೆದು ಹೋದರು.

ಗುಂಡ್ಲುಪೇಟೆಯ ಮಾರುಕಟ್ಟೆಗೆ ಕೇರಳದ ಲಾರಿಗಳು ತರಕಾರಿ ತುಂಬಲು ಬರುತ್ತಿದ್ದವು. ಒಂದು ಭಾನುವಾರ ಒಬ್ಬ ಡ್ರೈವರ್ ಲಾರಿಯ ಮೇಲೆ ನಿಂತು "ಕಯರ್, ಕಯರ್" ಎಂದು ಕೂಗುತ್ತಿದ್ದ. ಕೆಳಗಿದ್ದವನು ಹಗ್ಗ ಎಸೆದ. ನಾನು ಕೈಚೀಲವನ್ನು ಅಲ್ಲೇ ಬಿಟ್ಟು ಓಡಿದೆ. "ಏನಂದ್ರಿ? ಇನ್ನೊಂದ್ಸಲ ಹೇಳಿ" ಎಂದರೆ ಅವನು ಹೆದರಿ, "ಎಂತಾ ಸಾರೇ, ಹಗ್ಗ ಹಗ್ಗ" ಎಂದ. ಇಂಗ್ಲಿಷಿನವರು ತೆಂಗಿನ ನಾರಿಗೆ ಕಾಯರ್ ಎನ್ನುತ್ತಾರಲ್ಲ, ಅದು ಈ ಮಲಯಾಳಿ ಹಗ್ಗವೇ! ಡಿಕ್ಷನರಿಯಲ್ಲಿ ಓದಿದ್ದೆ, ಆದರೆ ಬಾಯಲ್ಲಿ ಕೇಳಿದ್ದು ಅದೇ ಮೊದಲು. ವಾಪಸು ಬರುವಷ್ಟರಲ್ಲಿ ನನ್ನ ಚೀಲದ ಬದನೆಕಾಯನ್ನು ಹಸು ತಿಂದಿತ್ತು. ಮನೆಯಲ್ಲಿ ಬೈಸಿಕೊಂಡೆ, ಆದರೂ ಆ ದಿನವಿಡೀ ನೆಲದ ಮೇಲೆ ಕಾಲಿರಲಿಲ್ಲ.

'ಬಸ್' ಮಾತ್ರ ನನ್ನನ್ನು ಪೇಚಿಗೆ ಸಿಕ್ಕಿಸಿತು. ಅದು ಒಂದು ಉದ್ದ ಲ್ಯಾಟಿನ್ ಪದದ ಬಾಲ, ಪೂರ್ತಿ ಪದಕ್ಕೆ 'ಎಲ್ಲರಿಗಾಗಿ' ಎಂದರ್ಥ ಎಂದು ಹೇಳಿಕೊಟ್ಟಿದ್ದೆ. ಅದೇ ವಾರ ಕಂಡಕ್ಟರ್ ಒಬ್ಬರು ಸ್ಕೂಲಿಗೇ ಬಂದರು. "ಏನ್ ಮೇಷ್ಟ್ರೇ ಐಕಳಿಗೆ ಹೇಳ್ಕೊಟ್ಟಿರೋದು? ಸೌದೆ ಹೊರೆ ಹಾಕ್ಬೇಡ ಕಣಮ್ಮ ಅಂತ ಒಬ್ಬ ಅಜ್ಜಿಗೆ ಅಂದ್ರೆ, ನಿಮ್ ಐಕಳು ಬಸ್ಸು ಅಂದ್ರೆ ಎಲ್ಲಾರ್ಗೂ ಅಂತ ಕಣಣ್ಣ, ನಮ್ಮ ಮೇಷ್ಟ್ರು ಹೇಳವ್ರೆ ಅಂತ ಜಗಳಕ್ಕೇ ಬಂದ್ಬುಟ್ವು!" ನಾನು ಕ್ಷಮೆ ಕೇಳಿ ಟೀ ಕುಡಿಸಿ ಕಳಿಸಿದೆ. ಆದರೆ ಒಳಗೊಳಗೇ ಬೀಗಿದೆ. ನಮ್ಮ ಮೇಷ್ಟ್ರು ಹೇಳಿದ್ದಾರೆ ಎಂದರೆ ಮುಗಿಯಿತು, ಆ ಮಾತಿಗೆ ಆ ಮಕ್ಕಳು ಅಷ್ಟು ಬೆಲೆ ಕೊಡುತ್ತಿದ್ದರು.

ಈಗ ನನ್ನ ಎಡವಟ್ಟಿಗೆ ಬರುತ್ತೇನೆ.

ಹತ್ತನೇ ಕ್ಲಾಸಿನಲ್ಲಿ ನಂಜಮಣಿ ಎಂಬ ಹುಡುಗಿ ಇದ್ದಳು. ಅಪ್ಪ ಮಾದಯ್ಯ ಅರಣ್ಯ ಇಲಾಖೆಯ ವಾಚರ್. ಅವರ ಊರು ಕಾಡಿನ ಅಂಚಿಗೇ ಇತ್ತು. ಮಾತು ಕಡಿಮೆ, ಆದರೆ ನಮ್ಮ ಕಾರ್ಡುಗಳ ಪೆಟ್ಟಿಗೆಯಲ್ಲಿ ಅತಿ ಹೆಚ್ಚು ಸಲ ಬಂದ ಹೆಸರು ಅವಳದೇ. ಒಂದು ದಿನ ಅವಳು ಎದ್ದು, "ಸಾ, ನಮ್ಮಪ್ಪ ಸೀಳುನಾಯಿ ತೋರಿಸ್ದಾಗ ಕಾಡು ನೋಡಕ್ ಬಂದವ್ರು ಡಾಗ್ ಡಾಗ್ ಅಂದ್ರಂತೆ. ಡಾಗ್ ಎಲ್ಲಿಂದ ಬಂತು ಸಾ?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎನ್ನಬಹುದಿತ್ತು. ಆದರೆ ಅಂದು ಹೆಡ್ ಮೇಷ್ಟ್ರು ಬಾಗಿಲಲ್ಲಿ ನಿಂತು ಪಾಠ ಕೇಳುತ್ತಿದ್ದರು, ನನಗೋ ಹುರುಪು ತಲೆಗೇರಿತ್ತು. ಬಸ್ಸಿನ ಕತೆ ನೆನಪಿತ್ತಲ್ಲ, ಅದೇ ಅಚ್ಚಿನಲ್ಲಿ ಒಂದು ಬುರುಡೆ ಎರಕ ಹೊಯ್ದೆ. ಹಿಂದೆ ಇಂಗ್ಲೆಂಡಿನಲ್ಲಿ ಬಾಗಿಲ ಬಳಿ ಕಟ್ಟುತ್ತಿದ್ದ ಕಾವಲು ಪ್ರಾಣಿಗೆ 'ಡೋರ್ ಗಾರ್ಡ್' ಎನ್ನುತ್ತಿದ್ದರು, ಜನರ ಬಾಯಲ್ಲಿ ಸವೆದೂ ಸವೆದೂ ಡಾಗ್ ಆಯಿತು ಎಂದೆ. ಮಕ್ಕಳು ಹೋ ಎಂದರು. ಹೆಡ್ ಮೇಷ್ಟ್ರು ತಲೆದೂಗಿದರು. ಕಾರ್ಡಿನ ಕೆಳಗೆ ನನ್ನ ಹೆಸರು ಬರೆದುಕೊಂಡೆ. ಆಮೇಲೆ ಅದನ್ನು ಹೇಳಿ ಹೇಳಿ ಎರಡು ತಿಂಗಳಲ್ಲಿ ನನಗೇ ಅದು ನಿಜವೆನಿಸಿಬಿಟ್ಟಿತ್ತು.

ಆ ವರ್ಷ ಚಾಮರಾಜನಗರದ ಹೆಣ್ಣುಮಕ್ಕಳ ಹಾಸ್ಟೆಲೊಂದು ಕಾಡಂಚಿನ ಊರುಗಳ ಒಬ್ಬ ಹುಡುಗಿಗೆ ಪಿಯುಸಿ ಓದಲು ಉಚಿತ ಸೀಟು ಕೊಡುವುದಾಗಿ ತಿಳಿಸಿತು. ಹತ್ತನೇ ಕ್ಲಾಸು ಪಾಸಾಗುವುದರ ಜೊತೆಗೆ, ತಾನು ಕಲಿತದ್ದರ ಬಗ್ಗೆ ಐದು ನಿಮಿಷ ಮಾತಾಡಿ ತೀರ್ಪುಗಾರರ ಪ್ರಶ್ನೆಗೆ ಉತ್ತರ ಕೊಡಬೇಕು. ನಾನು ಮಾದಯ್ಯನನ್ನು ಕರೆಸಿದೆ.

"ನಂಗೇನ್ ಓದಿಸ್ಬಾರ್ದು ಅಂತಿಲ್ಲ ಬುದ್ಧಿ" ಎಂದ ಅವನು. "ಆದ್ರೆ ಸಂಜೆ ಹೊತ್ಗೆ ನಮ್ಮೂರ್ ರಸ್ತೇಲಿ ಆನೆ ನಿಂತಿರ್ತದೆ. ದಿನಾ ಗುಂಡ್ಲುಪೇಟೆಗೆ ಓಗಿ ಬರಾಕೆ ನಾ ಬುಡಾಕಿಲ್ಲ. ಹಾಸ್ಟ್ಲು ಸಿಕ್ರೆ ಓಗ್ಲಿ. ಸಿಕ್ನಿಲ್ಲ ಅಂದ್ರೆ ಇಲ್ಲಿಗೇ ನಿಲ್ಸ್‌ಬುಡ್ತೀನಿ."

ಅಲ್ಲಿಗೆ ಎಲ್ಲವೂ ಆ ಐದು ನಿಮಿಷಕ್ಕೆ ಬಂದು ನಿಂತಿತು. ನಂಜಮಣಿ ಚಿಕ್ಕ ಪದಗಳ ಬಗ್ಗೆಯೇ ಮಾತಾಡುತ್ತೇನೆ ಎಂದಳು. ನಾನು ತಿಂಗಳಿಡೀ ತಯಾರಿ ಮಾಡಿಸಿದೆ. "ಹೇಳೋ ಪದಾನೆಲ್ಲ ಒಂದ್ಸಲ ಡಿಕ್ಷನರೀಲಿ ನೋಡ್ಕೋ ಕಣಮ್ಮಿ, ಯಾರ್ ಏನ್ ಕೇಳ್ತಾರೋ" ಎಂದು ನಾನೇ ಹೇಳಿದ್ದೆ. ಅವಳು ಒಂದು ಭಾನುವಾರ ಅಪ್ಪನ ಜೊತೆ ಗುಂಡ್ಲುಪೇಟೆಯ ಲೈಬ್ರರಿಗೆ ಹೋಗಿಯೂ ಬಂದಳು. ಆಮೇಲೆ ತನ್ನ ಮಾತಿನಿಂದ ಡಾಗ್ ಬಿಟ್ಟುಬಿಟ್ಟಳು. ಅದೊಂದು ಒಳ್ಳೆ ಕತೆ, ಸೇರಿಸು ಎಂದರೆ, "ಟೈಮ್ ಸಾಲಲ್ಲ ಸಾ" ಎಂದಳು.

ಹಾಸ್ಟೆಲಿನ ಹಾಲಿನಲ್ಲಿ ಅಂದು ಏಳೆಂಟು ಹುಡುಗಿಯರಿದ್ದರು. ಪುಣಜನೂರಿನ ಕಡೆಯಿಂದಲೂ ಬಂದಿದ್ದರು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಮಾದಯ್ಯ ಖಾಕಿ ಅಂಗಿಯಲ್ಲೇ ಬಂದು ಹಿಂದಿನ ಬಾಗಿಲ ಬಳಿ ನಿಂತಿದ್ದ. ಮುಖ್ಯ ತೀರ್ಪುಗಾರರು ಒಬ್ಬ ನಿವೃತ್ತ ಇಂಗ್ಲಿಷ್ ಲೆಕ್ಚರರ್, ಬಿಳಿ ಕೂದಲಿನ ಹೆಂಗಸು. ಅವರ ಮೇಜಿನ ಮೇಲೂ ಒಂದು ದಪ್ಪ ಡಿಕ್ಷನರಿ. ನಂಜಮಣಿ ಸೆಟ್, ಲೈನ್, ಫೈಲ್, ಬಸ್ಸುಗಳ ಕತೆ ಹೇಳುತ್ತಾ ಹೋದಂತೆ ಆಕೆಯ ಮುಖ ಅರಳುತ್ತಾ ಹೋಯಿತು. ಕಾಯರ್ ಬಂದಾಗ ಉಳಿದ ಇಬ್ಬರು ತೀರ್ಪುಗಾರರೂ ಬರೆಯುವುದನ್ನು ನಿಲ್ಲಿಸಿ ಕೇಳಿದರು. ನನಗೆ ಸೀಟು ಸಿಕ್ಕೇಬಿಟ್ಟಿತು ಎನಿಸಿತು.

"ತುಂಬಾ ಚೆನ್ನಾಗಿ ಹೇಳಿದೆ ಮಗು" ಎಂದರು ಆಕೆ. "ನಿಮ್ಮ ತಂದೆ ಕಾಡಿನಲ್ಲಿ ಕೆಲಸ ಮಾಡ್ತಾರೆ ಅಂದೆ. ಒಂದು ಪ್ರಾಣಿಯ ಹೆಸರೇ ಕೇಳ್ತೀನಿ. ಡಾಗ್ ಅನ್ನೋ ಪದ ಎಲ್ಲಿಂದ ಬಂತು?"

ನನಗೆ ಕುಣಿಯುವಷ್ಟು ಖುಷಿ! ನಂಜಮಣಿ ಉತ್ತರ ಕೊಡದೆ ನನ್ನ ಕಡೆ ನೋಡಿದಳು. ಮರೆತಿದ್ದಾಳೇನೋ ಎಂದು ನಾನು ಹೇಳು ಹೇಳು ಎಂಬಂತೆ ತಲೆಯಾಡಿಸಿದೆ, ಕೈಯಲ್ಲಿ ಬಾಗಿಲು ತೆರೆಯುವ ಸನ್ನೆಯನ್ನೂ ಮಾಡಿದೆ. ಅವಳು ತಲೆ ತಗ್ಗಿಸಿ ಡೋರ್ ಗಾರ್ಡಿನ ಕತೆಯನ್ನು ನಾನು ಹೇಳಿಕೊಟ್ಟಂತೆಯೇ ಒಪ್ಪಿಸಿದಳು.

ಆಕೆ ಡಿಕ್ಷನರಿ ತೆರೆದರು. "ಇಲ್ಲಿ ಹಾಗಿಲ್ವಲ್ಲಮ್ಮ. ಮೊದಲು ನಾಯಿಗೆ ಹೌಂಡ್ ಅಂತಿದ್ರು, ಡಾಗ್ ಆಮೇಲೆ ಬಳಕೆಗೆ ಬಂತು, ಮೂಲ ತಿಳಿದಿಲ್ಲ ಅಂತ ಬರೆದಿದ್ದಾರೆ. ನಿನಗೆ ಇದನ್ನ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ ಮೇಡಂ. ನಾನೇ ಅಂದ್ಕೊಂಡೆ."

"ಅಂದ್ಕೊಂಡದ್ದನ್ನ ಗೊತ್ತಿರೋ ಹಾಗೆ ಹೇಳಬಾರದು. ಇಷ್ಟು ಹೊತ್ತು ಹೇಳಿದ್ದರಲ್ಲಿ ಇನ್ನೆಷ್ಟು ನೀನೇ ಅಂದ್ಕೊಂಡದ್ದು ಅಂತ ನಾನು ಹೇಗೆ ತಿಳೀಲಿ? ಹೋಗು, ಕೂತ್ಕೋ."

ಆಕೆಯ ಪೆನ್ಸಿಲ್ಲು ಹಾಳೆಯ ಮೇಲೆ ಒಂದು ಗೀಟು ಎಳೆದದ್ದು ನನಗೆ ಕಂಡಿತು. ನಂಜಮಣಿ ಹೋಗಿ ಗೋಡೆಯ ಬದಿಯ ಬೆಂಚಿನಲ್ಲಿ ಕೂತಳು. ಮುಂದಿನ ಹುಡುಗಿ ರೇಷ್ಮೆ ಹುಳುವಿನ ಬಗ್ಗೆ ಮಾತು ಶುರು ಮಾಡಿದಳು. ನಾನು ಅಲ್ಲೇ ಕೂತಿದ್ದೆ. ಇದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ, ಆದರೆ ಬರೆಯಲೇಬೇಕು: ಆ ಹುಡುಗಿಯ ಮಾತು ಮುಗಿಯುವವರೆಗೂ, ಅವಳ ನಂತರದವಳ ಮಾತು ಮುಗಿಯುವವರೆಗೂ ನಾನು ಏಳಲಿಲ್ಲ. ಅಲ್ಲಿ ಬೇರೆ ಸ್ಕೂಲುಗಳ ಮೇಷ್ಟ್ರುಗಳಿದ್ದರು. ಅವರ ಮುಂದೆ ಹೇಗೆ ಎಂದು ಲೆಕ್ಕ ಹಾಕುತ್ತಿದ್ದೆ. ಹಿಂದಕ್ಕೆ ತಿರುಗಿದರೆ ಮಾದಯ್ಯ ಕಾಣಿಸಿದ. ಏನಾಯಿತೆಂದು ಅವನಿಗೆ ಪೂರ್ತಿ ಅರ್ಥವಾಗಿರಲಿಲ್ಲ. ಮಗಳ ಮುಖ ನೋಡಿ ಏನೋ ಕೆಟ್ಟಿದೆ ಎಂದಷ್ಟೇ ತಿಳಿದು, ಟೋಪಿಯನ್ನು ಎರಡೂ ಕೈಯಲ್ಲಿ ಹಿಚುಕುತ್ತಿದ್ದ.

ನಾನು ಎದ್ದು ನಿಂತೆ.

"ಮೇಡಂ, ಆ ಡಾಗ್ ಕತೆ ಹುಡುಗೀದಲ್ಲ, ನಂದು. ಕ್ಲಾಸಲ್ಲಿ ಕೇಳಿದಾಗ ಗೊತ್ತಿಲ್ಲ ಅನ್ನಕ್ಕೆ ಅವಮಾನ ಆಯ್ತು. ನಾನೇ ಕಟ್ಟಿ ಹೇಳ್ಬಿಟ್ಟೆ. ಅವಳು ನನ್ನ ಹೆಸರು ಹೇಳ್ಬಾರ್ದು ಅಂತ ತನ್ನ ಮೇಲೆ ಹಾಕ್ಕೊಂಡಿದ್ದಾಳೆ. ಮಿಕ್ಕಿದ್ದೆಲ್ಲ ಡಿಕ್ಷನರೀಲಿ ಇರೋದೇ, ನೀವೇ ನೋಡಿ."

ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಕೆ ಕನ್ನಡಕ ತೆಗೆದು ನನ್ನನ್ನು ನೋಡಿದರು. ನಂಜಮಣಿಯನ್ನು ಮತ್ತೆ ಕರೆದರು.

"ಈಗ ಹೇಳು. ಡಾಗ್ ಎಲ್ಲಿಂದ ಬಂತು?"

"ಗೊತ್ತಿಲ್ಲ ಮೇಡಂ" ಎಂದಳು ನಂಜಮಣಿ. ಆಮೇಲೆ, "ನಂಗೊಬ್ಬಳಿಗೇ ಅಲ್ಲ, ಯಾರ್ಗೂ ಗೊತ್ತಿಲ್ಲ. ಗುಂಡ್ಲುಪೇಟೆ ಲೈಬ್ರರಿ ಡಿಕ್ಷನರೀಲೂ ಹಂಗೇ ಬರ್ದದೆ" ಎಂದಳು.

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಅವಳಿಗೆ ಮೊದಲೇ ಗೊತ್ತಿತ್ತು!

"ಗೊತ್ತಿದ್ದೂ ಯಾಕೆ ಹಾಗೆ ಹೇಳಿದೆ?" ಎಂದರು ಆಕೆ.

"ಮೇಷ್ಟ್ರು ಮುಂದ್ಗಡೇನೇ ಕುಂತಿದ್ರಲ್ಲ ಮೇಡಂ. ಅಷ್ಟು ಜನದ್ ಮುಂದೆ ಅವ್ರು ಹೇಳಿದ್ದು ಸುಳ್ಳು ಅಂತ ಎಂಗನ್ಲಿ?"

ಆಕೆ ಪಕ್ಕದವರ ರಬ್ಬರ್ ಕೇಳಿ ಪಡೆದು, ಹಾಳೆಯ ಮೇಲಿನ ಗೀಟನ್ನು ನಿಧಾನವಾಗಿ ಅಳಿಸಿದರು. ಸಂಜೆ ನಾಲ್ಕಕ್ಕೆ ಸೀಟು ನಂಜಮಣಿಗೆ ಎಂದು ಓದಿದಾಗ ನಾನು ಮೇಷ್ಟ್ರೆಂಬುದನ್ನೇ ಮರೆತು ಕೂಗಿಬಿಟ್ಟೆ. ಮಾದಯ್ಯ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ನಾನು ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ, ನಿನ್ನ ಮಗಳ ಸೀಟು ನನ್ನಿಂದಲೇ ತಪ್ಪಿಹೋಗುತ್ತಿತ್ತು ಎಂದೆ. ಅವನು "ಬುಡಿ ಬುದ್ಧಿ, ಬಂತಲ್ಲ" ಎಂದನಷ್ಟೇ.

ವಾಪಸು ಬರುವಾಗ ಬಸ್ಸಿನಲ್ಲಿ ಮಾದಯ್ಯ ಕಿಟಕಿಗೆ ಒರಗಿ ನಿದ್ದೆ ಹೋದ. ನಾನು ಸಂಭ್ರಮದಲ್ಲಿದ್ದೆ, ಆದರೂ ಒಂದು ವಿಷಯ ಕೊರೆಯುತ್ತಿತ್ತು. ಮುಂದಿನ ಸೀಟಿನಲ್ಲಿದ್ದ ನಂಜಮಣಿಯನ್ನು ಕೇಳಿಯೇಬಿಟ್ಟೆ. "ಅಲ್ಲ ಕಣಮ್ಮಿ, ಜನದ ಮುಂದೆ ಬೇಡ ಅಂತಿಟ್ಕೋ. ಲೈಬ್ರರೀಲಿ ನೋಡ್ಕಂಡು ಬಂದ್ ಮೇಲೆ ನನ್ನೊಬ್ಬನ ಹತ್ರ ಬಂದು ಹೇಳ್ಬೋದಿತ್ತಲ್ಲ?"

ಅವಳು ತಿರುಗಿ ನೋಡಲಿಲ್ಲ. ಮುಂದೆ ನೋಡುತ್ತಲೇ ಹೇಳಿದಳು.

"ಬಂದಿದ್ದೆ ಸಾ, ಎರಡ್ ಸಲ. ಸ್ಟಾಫ್ ರೂಮ್ ಬಾಗ್ಲಲ್ಲೇ ನಿಂತಿದ್ದೆ. ಎರಡ್ ಸಲಾನೂ ನೀವು ಯಾರ್ಗೋ ಆ ಕತೆ ಹೇಳ್ಕಂಡು ನಗ್ತಾ ಇದ್ರಿ. ಅಷ್ಟು ಖುಸೀಲಿ ಇದ್ರಲ್ಲ ಅಂತ ವಾಪಸ್ ಹೊಂಟೋದೆ."